ಹೆಣ್ಣುಮಕ್ಕಳ ಪುಸ್ತಕ

"ಅಗೆಯೋದು ನಿಲ್ಸಯ್ಯ. ಗುದ್ದಲಿ ಎತ್ಕೊಂಡು ಗೋಡೆಯಿಂದ ಆಚೆ ನಡಿ."

ಹಾರ್ಲನ್ ಲೆಷರ್ ಕೂಗಿ ಹೇಳಲಿಲ್ಲ. ಕೂಗುವ ಅಗತ್ಯ ಅವನಿಗೆ ಹುಟ್ಟಿದಾಗಿನಿಂದ ಬಂದಿರಲಿಲ್ಲ.

ಗುಂಡಿ ಮೊಣಕಾಲುದ್ದ ಇಳಿದಿತ್ತು. ಅಗೆಯುತ್ತಿದ್ದವನು ಹಾರ್ಲನ್‌ನ ಮುಖ ನೋಡಿದ, ಫರ್ನ್ ಜರ್ಬಿಯ ಮುಖ ನೋಡಿದ, ಗುದ್ದಲಿಯನ್ನು ಹೆಗಲಿಗೇರಿಸಿ ತಲೆ ತಗ್ಗಿಸಿಕೊಂಡು ಹೊರಟೇಹೋದ.

ಸೊಂಟದೆತ್ತರದ ಕಲ್ಲುಗೋಡೆ ಅದು. ಒಳಗೆ ಮಲಗಿದ್ದವರು ಕ್ರುಂಬಾಖ್ ಚರ್ಚು ಕಟ್ಟಿದ ಮೂಲಪುರುಷ ಮಥಾಯಸ್ ಲೆಷರ್ ಮತ್ತು ಅವನ ಸಂತಾನದವರು. ಹೊರಗೆ ಮುಳ್ಳುಪೊದೆಗಳ ನಡುವೆ, ಹೆಸರು ಕೆತ್ತದ ಕಲ್ಲುಗಳ ಕೆಳಗೆ, ಹಡಗಿನ ಸಾಲ ತೀರಿಸಲು ಜೀತಕ್ಕೆ ಬಿದ್ದ ಜರ್ಮನರು, ಕಬ್ಬಿಣದ ಕುಲುಮೆಯಲ್ಲಿ ಬೆಂದುಹೋದವರು, ಕರಿಯರು. ಬದುಕಿದ್ದಾಗ ದುಡಿಸಿಕೊಂಡ ಕೈಗಳನ್ನು ಸತ್ತ ಮೇಲೂ ಪಕ್ಕಕ್ಕೆ ಸೇರಗೊಡದ ಗೋಡೆ. ಪೆನ್ಸಿಲ್ವೇನಿಯಾದ ಈ ಕಣಿವೆಯಲ್ಲಿ ಅದಕ್ಕೆ ಪ್ರತಿ ವಸಂತದಲ್ಲೂ ಸುಣ್ಣ ಬಳಿಯುತ್ತಿದ್ದರು.

"ನಾಳೆ ಬೆಳಿಗ್ಗೆ ಹೆಸ್ಟರ್ ಲೆಷರ್ ಮಣ್ಣಾಗಬೇಕು ಹಾರ್ಲನ್. ಅವಳ ಮಗ ಎಲ್ವುಡ್‌ಗೆ ನಾನು ಏನಂತ ಹೇಳ್ಲಿ?"

"ಆಚೆ ಬೇಕಾದಷ್ಟು ಜಾಗ ಬಿದ್ದಿದೆ ಅಂತ ಹೇಳಿ."

"ಅವಳೂ ಲೆಷರ್."

"ನಮ್ಮಜ್ಜ ಕುದುರೆಗಳಿಗೂ ಲೆಷರ್ ಅಂತಲೇ ಮುದ್ರೆ ಒತ್ತಿಸ್ತಿದ್ದ ಕಣ್ರೀ."

ಐವತ್ತೆಂಟು ವರ್ಷದ ಫರ್ನ್ ಊರವರಿಗೆಲ್ಲ ಪೂರ್ವಿಕರನ್ನು ಹುಡುಕಿಕೊಟ್ಟು ಬದುಕುವ ಹೆಂಗಸು. ಹಡಗಿನ ಪಟ್ಟಿ, ದೀಕ್ಷಾಸ್ನಾನದ ದಾಖಲೆ, ಗೋರಿಕಲ್ಲು ಇವೇ ಅವಳ ಹೊಲಗದ್ದೆ. ಹಾರ್ಲನ್‌ನ ಮನೆಯಲ್ಲಿ ಚಿನ್ನದ ಚೌಕಟ್ಟು ಹಾಕಿಸಿ ತೂಗುಬಿಟ್ಟಿರುವ ವಂಶವೃಕ್ಷವೂ ಅವಳ ಕೈಬರಹದ್ದೇ.

ಹಾರ್ಲನ್ ಅದನ್ನೇ ಎತ್ತಿ ಹೊಡೆದ. "ಮಥಾಯಸ್‌ಗೆ ನಾಲ್ಕು ಗಂಡುಮಕ್ಕಳು. ನೀವೇ ಬರ್ಕೊಟ್ಟಿದ್ದು. ಬಾರ್ಬರಾ ಅಂತ ಮಗಳಿದ್ದಳು, ತಾನು ಅವಳ ಸಂತಾನ ಅನ್ನೋದು ಆ ಕರಿ ಮುದುಕಿ ಒಲೆ ಮುಂದೆ ಕೂತು ಕಟ್ಟಿದ ಕಥೆ. ಚರ್ಚಿನ ಪುಸ್ತಕದಲ್ಲಿ ತೋರಿಸಿ, ಮೊದಲನೇ ಹಿಡಿ ಮಣ್ಣು ನಾನೇ ಹಾಕ್ತೀನಿ."

"ತೋರಿಸ್ತೀನಿ ಅಂದಿದ್ದ ವಿಲ್ಲಿಸ್."

"ವಿಲ್ಲಿಸ್ ಸತ್ತ," ಎಂದ ಹಾರ್ಲನ್, ಹವಾಮಾನದ ವರದಿ ಕೊಡುವವನಂತೆ.

ಚರ್ಚಿನ ಹಳೆಯ ಕಾಗದಪತ್ರಗಳನ್ನು ಕಾಯುತ್ತಿದ್ದ ಬಿಳಿತಲೆಯ ವಿಲ್ಲಿಸ್ ಫೆನ್‌ಸ್ಟರ್‌ಮಾಖರ್ ಸೋಮವಾರ ಸಂಜೆ ಫೋನಿನಲ್ಲಿ "ಬಾರ್ಬರಾ ಸಿಕ್ಕಿದಳು ಫರ್ನ್" ಎಂದಿದ್ದ. ಮಂಗಳವಾರ ಬೆಳಿಗ್ಗೆ ಗಂಟೆಗೋಪುರದ ಮೆಟ್ಟಿಲ ಬುಡದಲ್ಲಿ ಹೆಣವಾಗಿದ್ದ. ಕಿವಿಯ ಮೇಲೆ ಮೂರು ಮೂಲೆಯ ಗಾಯ. ಮೆಟ್ಟಿಲಂಚು ತಗುಲಿದ್ದು ಎಂದು ಶೆರಿಫ್ ಬರೆದುಕೊಂಡು ಹೋದ. ಆದರೆ ಆ ಮೆಟ್ಟಿಲುಗಳನ್ನು ಫರ್ನ್ ಕೈಯಿಂದ ಸವರಿ ನೋಡಿದ್ದಳು. ಇನ್ನೂರು ವರ್ಷ ಜನ ತುಳಿದ ಕಲ್ಲು. ಎಲ್ಲ ಅಂಚುಗಳೂ ಸಾಬೂನಿನ ಬಿಲ್ಲೆಯಂತೆ ದುಂಡಗಾಗಿದ್ದವು.

* * *

ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಒಣದ್ರಾಕ್ಷಿಯ ಪೈ ವಾಸನೆ ಕವಿದಿತ್ತು. ಬೆಳಿಗ್ಗೆ ವಿಲ್ಲಿಸ್‌ನ ಮಣ್ಣು ಮುಗಿದಿತ್ತು. ಈ ಕಣಿವೆಯಲ್ಲಿ ಯಾರ ಒಲೆಯಿಂದ ಈ ವಾಸನೆ ಬಂದರೂ ನೆರೆಯವರು "ಯಾರು ಹೋದ್ರು?" ಎಂದೇ ಕೇಳುತ್ತಾರೆ. ಸಾವಿನ ಊಟಕ್ಕೆ ಬೇರೆ ಪೈ ಇಲ್ಲ.

ಮೇಬಲ್ ಕಿಸ್ಲರ್ ಒಬ್ಬಳೇ ಪಾತ್ರೆ ಒರೆಸುತ್ತಿದ್ದಳು. ಫರ್ನಳ ಶಾಲೆಯ ಗೆಳತಿ. ಹಿಟ್ಟು ಮೆತ್ತಿದ ದಪ್ಪ ಕೈಗಳು, ಸೊಂಟದಲ್ಲಿ ನೀಲಿ ನಾಡಾಕ್ಕೆ ಕಟ್ಟಿದ ಬೀಗದ ಕೈ.

ಫರ್ನ್ ಹತ್ತಿರದ ಕಾಫಿ ಪಾತ್ರೆಗೆ ಕೈ ಹಾಕಿದಳು. ಮೇಬಲ್ ಆ ಕೈಗೆ ಬಟ್ಟೆಯಿಂದ ರಪ್ಪನೆ ಬಾರಿಸಿದಳು.

"ಮುಟ್ಬೇಡ್ವೆ! ಹಿಡಿಗೆ ನೀಲಿ ದಾರ ಸುತ್ತಿದೆ, ಕಣ್ಣು ಕಾಣಲ್ವಾ? ಅದು ನಮ್ದು, ರಿಫಾರ್ಮ್ಡ್ ಪಂಥದ್ದು. ನಿಮ್ಮ ಲೂಥರನ್ ಕಾಫಿ ಆ ಕಡೆ ಇದೆ, ಕೆಂಪು ದಾರದ್ದು. ಪಾತ್ರೆ ತೊಳೆದ ನೀರಿನ ಹಾಗಿರುತ್ತೆ, ಏನ್ಮಾಡೋದು, ನಿಮ್ಮ ಹಣೆಬರಹ."

ಒಂದೇ ಚರ್ಚು, ಎರಡು ಪಂಥ. ಒಂದು ಭಾನುವಾರ ಇವರ ಪಾದ್ರಿ, ಮುಂದಿನ ಭಾನುವಾರ ಅವರ ಪಾದ್ರಿ. ಗಂಟೆ ಒಂದೇ, ಬೆಂಚು ಒಂದೇ. ಕಾಫಿ ಮಾತ್ರ ಬೇರೆ.

"ನಿನ್ನ ಗಂಡನೂ ಲೂಥರನ್ನೇ ಅಲ್ವೇನೆ? ಅವನಿಗೆ ಯಾವುದನ್ನ ಬಗ್ಗಿಸ್ತೀಯ?"

"ಮನೇಲಿ ನಾನು ಕೊಟ್ಟಿದ್ದು ಕುಡಿದು ತೆಪ್ಪಗಿರ್ತಾನೆ. ಇಲ್ಲಿ ಬಂದ್ರೆ ಕೆಂಪು ದಾರ. ನನ್ನ ಗಂಡು ಹುಡುಗರೂ ಕೆಂಪು, ಹುಡುಗೀರು ಇಬ್ರೂ ನೀಲಿ. ಅಜ್ಜಮುತ್ತಜ್ಜಂದಿರ ಕಾಲದಿಂದ ಹಾಗೇ ತಾನೆ? ಗಂಡುಮಕ್ಕಳು ಅಪ್ಪನ ಪಂಥಕ್ಕೆ, ಹೆಣ್ಣುಮಕ್ಕಳು ಅವ್ವನ ಪಂಥಕ್ಕೆ. ಇಲ್ದಿದ್ರೆ ಮದುವೆ ದಿನವೇ ಒಬ್ಬರ ತಲೆ ಒಬ್ಬರು ಒಡೀತಿದ್ವು."

ಫರ್ನ್ ಕೆಂಪು ದಾರದ ಪಾತ್ರೆಯಿಂದ ಬಗ್ಗಿಸಿಕೊಂಡಿದ್ದ ಬಟ್ಟಲನ್ನು ಕೆಳಗಿಟ್ಟಳು.

ನಾಲ್ಕು ಗಂಡುಮಕ್ಕಳು. ಮೂಲಪುರುಷನದು ಇಪ್ಪತ್ತು ವರ್ಷದ ಸಂಸಾರ. ಒಂದು ಹೆಣ್ಣೂ ಇಲ್ಲ.

ಒಬ್ಬ ಮಗನಿಗೂ ಇನ್ನೊಬ್ಬನಿಗೂ ನಡುವೆ ಉದ್ದುದ್ದ ಬಿಡುವುಗಳಿದ್ದುದನ್ನು ಅವಳು ಕಂಡಿದ್ದಳು. ಕೂಸುಗಳು ಸತ್ತಿರಬೇಕು ಎಂದುಕೊಂಡು ದಾಟಿಹೋಗಿದ್ದಳು. ಲೂಥರನ್ ಪುಸ್ತಕದ ಪ್ರಭುಭೋಜನದ ಪಟ್ಟಿಯಲ್ಲಿ ಮಥಾಯಸ್ ಯಾವಾಗಲೂ ಒಂಟಿ. ಹೆಂಡತಿಯ ಹೆಸರು ಒಮ್ಮೆಯೂ ಇಲ್ಲ. ಕಾಯಿಲೆಯವಳು ಎಂದುಕೊಂಡಿದ್ದಳು! ಇವಳೂ ಲೂಥರನ್, ಹಾರ್ಲನ್ನೂ ಲೂಥರನ್, ವಂಶವೃಕ್ಷ ಬೇಕೆಂದು ಬಂದ ಲೆಷರ್‌ಗಳೆಲ್ಲ ಲೂಥರನ್. ಯಾರಿಗೂ ಪಕ್ಕದ ಪುಸ್ತಕ ನೆನಪಾಗಲಿಲ್ಲ. ತಾವು ಕುಡಿಯದ ಪಾತ್ರೆಯಲ್ಲಿ ಕಾಫಿಯೇ ಇಲ್ಲವೆಂದು ತಿಳಿದ ಜನ.

ಎಷ್ಟು ಹೆಣ್ಣುಮಕ್ಕಳು ಹುಟ್ಟಿದ್ದರು ಆ ಮನೆಯಲ್ಲಿ? ಎಷ್ಟು ಮಂದಿಯನ್ನು ತಾನೇ, ತನ್ನ ಒಳ್ಳೆಯ ಮಸಿಯಿಂದ, ಚಿನ್ನದ ಚೌಕಟ್ಟಿನಿಂದ ಆಚೆ ಹಾಕಿದ್ದಳು?

"ಏನಾಯ್ತೆ? ದೆವ್ವ ನೋಡ್ದೋಳ ಹಾಗೆ ಬೆಳ್ಳಗಾದೆ," ಎಂದಳು ಮೇಬಲ್.

"ನಿಮ್ಮ ಪಂಥದ ಹಳೇ ಪುಸ್ತಕ ಎಲ್ಲಿದೆ ಮೇಬಲ್?"

ಬಟ್ಟೆ ತಟ್ಟೆಯ ಮೇಲೆ ಒಂದು ಸುತ್ತು ಜಾಸ್ತಿಯೇ ತಿರುಗಿತು.

"ಪಾದ್ರಿ ಮನೆಗೆ ಬೆಂಕಿ ಬಿದ್ದಾಗ ಸುಟ್ಟುಹೋಯ್ತಲ್ಲೇ. ನಾವಿನ್ನೂ ಲಂಗ ಹಾಕ್ಕೊಂಡು ಓಡಾಡ್ತಿದ್ದಾಗ."

"ಸುಟ್ಟಿದ್ದನ್ನ ಯಾರು ನೋಡಿದ್ರು?"

* * *

ಪ್ರಾರ್ಥನಾಕೋಣೆಯ ಹಿಂದಿನ ಚಿಕ್ಕ ಕೋಣೆಯಲ್ಲಿ ಅಕ್ರೋಟ ಮರದ ಬೀರು. ಬಲಕ್ಕೆ ಲೂಥರನ್ ಬಾಗಿಲು, ಎಡಕ್ಕೆ ರಿಫಾರ್ಮ್ಡ್ ಬಾಗಿಲು. ಎಡದ ಬಾಗಿಲಿಗೆ ಒಂದೇ ಬೀಗದ ಕೈ. ಅದು ತಲೆಮಾರುಗಳಿಂದ ಮೇಬಲ್‌ಳ ತವರಿನವರ ಸೊಂಟದಲ್ಲೇ ಉಳಿದಿತ್ತು.

ಫರ್ನ್ ಹಾರ್ಲನ್‌ನನ್ನೂ ಕರೆಸಿದಳು. ಅವನು ಟೋಪಿ ತೆಗೆಯದೆ ಒಳಗೆ ಬಂದ.

"ಮಥಾಯಸ್‌ನ ಹೆಂಡತಿ ಯಾವ ಪಂಥದವಳು ಹಾರ್ಲನ್?"

"ಯಾವುದಾದ್ರೇನು? ಹೆಂಡತಿ ಅಂದ್ಮೇಲೆ ಗಂಡನದ್ದೇ."

"ನಿಮ್ಮ ಹೆಂಡತಿ?"

ಹಾರ್ಲನ್‌ನ ಹೆಂಡತಿ ನೀಲಿ ದಾರದವಳು. ಅವನ ಮಗಳೂ.

ಆ ಕ್ಷಣದಲ್ಲೇ ಅವನಿಗೆ ಗೊತ್ತಾಯಿತು. ಅದು ಅವನ ಮುಖದ ಮೇಲೆ ಇಳಿದುಬಂದದ್ದನ್ನು ಫರ್ನ್ ನೋಡಿದಳು. ಮೊದಲು ಹುಬ್ಬು, ಆಮೇಲೆ ಬಾಯಿ, ಕೊನೆಗೆ ಟೋಪಿ ತಾನಾಗಿ ಕೈಗೆ ಬಂತು.

"ಅಂದ್ರೆ... ಅವನಿಗೆ ಹೆಣ್ಣುಮಕ್ಕಳಿದ್ರು."

"ಇದ್ರು. ನಾವು ಎಣಿಸಲಿಲ್ಲ, ಅಷ್ಟೇ."

"ಅವನ ಮಗಳು ಒಬ್ಬ ಕರಿಯನ ಜೊತೆ..."

"ಮದುವೆ ಆದಳು ಅಂತ ಹೇಳೋಕೆ ನಾಲಗೆ ಹೊರಳಲ್ವಾ? ಕುಲುಮೆಯ ಕಮ್ಮಾರ ಅವನು. ಬಿಡುಗಡೆ ಆದ್ಮೇಲೆ ಲೆಷರ್ ಅಂತ ಇಟ್ಕೊಂಡಿದ್ದು ಯಜಮಾನನ ಹೆಸರು ಅಂತಲ್ಲ, ಹೆಂಡತಿ ಹೆಸರು ಅಂತ. ಹೆಸ್ಟರ್ ಒಲೆ ಮುಂದೆ ಕೂತು ಹೇಳಿದ ಕಥೆ ಇದೇ. ನಿಮ್ಮ ಕುದುರೆ ಮುದ್ರೆಯ ಕಥೆಗಿಂತ ಚೆನ್ನಾಗಿದೆ."

"ಸಾಕು ಮಾಡ್ರೀ!" ಹಾರ್ಲನ್‌ನ ದನಿ ಮೊದಲ ಬಾರಿ ಏರಿತು. "ಪುಸ್ತಕ ಎಲ್ಲಿ? ಬೂದಿ ತೋರಿಸಿ ಮುದುಕೀನ ಒಳಗೆ ತರ್ತೀರಾ?"

"ಬೆಂಕಿ ಬಿದ್ದಿದ್ದು ಪಾದ್ರಿ ಮನೆಗೆ. ಈ ಬೀರು ಚರ್ಚೊಳಗಿದೆ. ಮೇಬಲ್, ಈ ಬಾಗಿಲು ಕಡೇ ಸಲ ಯಾವಾಗ ತೆಗೆದಿದ್ದೆ?"

"ನಮ್ಮವ್ವ ಸತ್ತಾಗಿನಿಂದ ತೆಗೆದಿಲ್ಲ ಕಣೆ. ಒಳಗೇನಿದೆ ಅಂತ ತೆಗೀಲಿ?"

"ಈಗ ತೆಗಿ."

ಬೀಗದ ಕೈ ಸಲೀಸಾಗಿ ಹೋಗಲಿಲ್ಲ. ಮೇಬಲ್ ಜಗ್ಗಿದಳು, ಎಳೆದಳು, ಮತ್ತೆ ತುರುಕಿದಳು. ಕಟಕ್ಕೆಂದು ಏನೋ ಜಾರಿ ಹಲಗೆಯ ನೆಲಕ್ಕೆ ಬಿತ್ತು. ಫರ್ನ್ ಅದರ ಮೇಲೆ ಬೂಟು ಇಟ್ಟಳು. ಬಾಗಿಲು ತೆರೆಯಿತು.

ಒಳಗೆ ಒಂದು ಒಡೆದ ಮೋಂಬತ್ತಿ ಸ್ಟ್ಯಾಂಡು, ಇಲಿ ಹಿಕ್ಕೆ, ಬೆರಳು ಹುಗಿಯುವಷ್ಟು ಧೂಳು. ಧೂಳಿನ ನಡುವೆ ದೊಡ್ಡ ಪುಸ್ತಕದಗಲದ ಒಂದು ಚೌಕ, ಹೊಸದಾಗಿ ಒರೆಸಿದಷ್ಟು ಶುಭ್ರ.

ಮೇಬಲ್‌ಳ ಕೈ ಬಾಯಿಗೆ ಹೋಯಿತು. ಮುಖದ ರಕ್ತವೆಲ್ಲ ಇಳಿಯಿತು. "ಅಯ್ಯೋ ದೇವ್ರೇ... ಎಲ್ಲಿ ಹೋಯ್ತು?"

ಹಾರ್ಲನ್ ಬೀರುವಿನ ಅಂಚು ಹಿಡಿದುಕೊಂಡ. ಅವನು ನಟಿಸುತ್ತಿರಲಿಲ್ಲ. ಸುಟ್ಟಿದೆ ಎಂದು ಇಡೀ ಬದುಕು ನಂಬಿದ್ದ ಪುಸ್ತಕ ಮೊನ್ನೆಮೊನ್ನೆಯವರೆಗೆ ತನ್ನ ಬೆನ್ನ ಹಿಂದೆ ಉಸಿರಾಡುತ್ತಿತ್ತೆಂಬುದು ಅವನಿಗೆ ಈಗಷ್ಟೇ ತಿಳಿದಿತ್ತು. ಆದರೆ ಅಧಿಕಾರ ಮಾಡಿ ರೂಢಿಯಾದವರ ಗಾಬರಿ ಹೆಚ್ಚು ಹೊತ್ತು ಗಾಬರಿಯಾಗಿ ಉಳಿಯುವುದಿಲ್ಲ, ಬೇಗ ಬೆದರಿಕೆಯಾಗುತ್ತದೆ.

"ಕದ್ದಿದ್ದಾರೆ. ವಿಲ್ಲಿಸ್ ಕೈಯಿಂದ ಕಿತ್ಕೊಂಡು ಹೋಗಿದ್ದಾರೆ. ಶೆರಿಫ್‌ಗೆ ಈಗಲೇ ಹೇಳ್ತೀನಿ. ನಾಳೆ ಆ ಪುಸ್ತಕ ಯಾರ ಕೈಲಿ ಕಾಣಿಸುತ್ತೋ ಅವನೇ ವಿಲ್ಲಿಸ್‌ನ ಕೊಂದವನು." ಟೋಪಿ ಮತ್ತೆ ತಲೆಗೇರಿತು. "ಆಮೇಲೆ ಅದರಲ್ಲಿ ಯಾರ ಹೆಸರಿದ್ರೆ ನನಗೇನು?"

ಅವರಿಬ್ಬರೂ ಹೋದ ಮೇಲೆ ಫರ್ನ್ ಬೂಟು ಎತ್ತಿದಳು.

ಮುರಿದ ಸೂಜಿಯ ತುದಿ. ದಪ್ಪನೆಯದು, ಕುಡುಗೋಲಿನ ಹಾಗೆ ಬಾಗಿದ್ದು. ಅಂಥ ಸೂಜಿಯನ್ನು ಅವಳು ಇಂದು ಬೆಳಿಗ್ಗೆಯಷ್ಟೇ ನೋಡಿದ್ದಳು, ಬಿಳಿ ಸ್ಯಾಟಿನ್ ಬಟ್ಟೆಯನ್ನು ಹೊಲಿಯುತ್ತಿದ್ದ ಒಂದು ಕರಿಯ ಕೈಯಲ್ಲಿ.

* * *

ಎಲ್ವುಡ್ ಲೆಷರ್ ಸೋಫಾ ಕುರ್ಚಿಗಳಿಗೆ ಬಟ್ಟೆ ಹೊದಿಸುವವನು. ತಾಯಿಯ ಶವಪೆಟ್ಟಿಗೆಯ ಒಳಬಟ್ಟೆಯನ್ನೂ ಬೇರೆಯವರಿಗೆ ಬಿಡಲಿಲ್ಲ. ಮುಂದಿನ ಕೋಣೆಯಲ್ಲಿ ಕುರ್ಚಿಗಳೆಲ್ಲ ಗೋಡೆಗೆ ಸರಿದಿದ್ದವು. ಸಂಜೆಯ ಬಿಸಿಲು ಹೆಸ್ಟರ್‌ಳ ಮುಖದ ಮೇಲಿತ್ತು. ಬಿಳಿಯರ ಬಟ್ಟೆ ಇಸ್ತ್ರಿ ಮಾಡಿದ ಎಂಬತ್ತನಾಲ್ಕು ವರ್ಷದ ಕೈಗಳು ಎದೆಯ ಮೇಲೆ ಸುಮ್ಮನಿದ್ದವು.

ಫರ್ನ್ ಅಂಗೈ ಬಿಚ್ಚಿ ಸೂಜಿಯ ತುದಿ ತೋರಿಸಿದಳು.

ಎಲ್ವುಡ್ ಅದನ್ನು ನೋಡಿದ. ಅವಳನ್ನು ನೋಡಿದ. ನಿಧಾನಕ್ಕೆ ಬಾಗಿ, ತಾಯಿಯ ತಲೆಯನ್ನು ಒಂದು ಕೈಯಿಂದ ಎತ್ತಿ, ದಿಂಬಿನ ಕೆಳಗಿನ ಹೊಲಿಗೆ ಬಿಚ್ಚಿದ. ಬಟ್ಟೆಯಲ್ಲಿ ಸುತ್ತಿದ ದಪ್ಪನೆಯ ಗಂಟು ಹೊರಗೆ ಬಂತು.

ಫರ್ನ್ ಕುರ್ಚಿ ಎಳೆದು ಕೂತಳು. "ಎಲ್ವುಡ್... ನೀವಾ?"

"ಬುಧವಾರ ತಂದೆ ಅಮ್ಮಾ. ವಿಲ್ಲಿಸ್ ಹೆಣ ಸಿಕ್ಕ ಮಾರನೇ ದಿನ. ನಮ್ಮ ಬಾರ್ಬರಾ ಹೆಣ್ಣುಮಕ್ಕಳ ಪುಸ್ತಕದಲ್ಲಿದ್ದಾಳೆ, ಎಡಗಡೆ ಬೀರುನಲ್ಲಿ, ಅಂತ ಅವ್ವ ಸಾಯೋವರೆಗೂ ಹೇಳ್ತಿದ್ಲು. ಅವಳ ಅವ್ವ ಅವಳಿಗೆ ಹೇಳಿದ್ಲಂತೆ."

"ನನ್ನ ಹತ್ರ ಯಾಕೆ ಹೇಳ್ಲಿಲ್ಲ? ನಿಮ್ಮ ಪರವಾಗಿ ತಾನೆ ನಾನು ತಿರುಗ್ತಿರೋದು!"

ಎಲ್ವುಡ್ ನಕ್ಕ. ಆ ನಗೆಯಲ್ಲಿ ನಗುವಿರಲಿಲ್ಲ. "ನಾನು ತಂದುಕೊಟ್ರೆ ಕದ್ದ ಅಂತಾರೆ, ತಿದ್ದಿದ ಅಂತಾರೆ. ನೀವೇ ಹುಡುಕ್ಕೊಂಡು ಬಂದ್ರೆ ನಂಬ್ತಾರೆ. ನಿಮ್ಮ ಚರ್ಮಕ್ಕೆ ಸಾಕ್ಷಿ ಬೇಡ. ನಮಗೆ ಸಾಕ್ಷಿ ಇದ್ರೂ ಚರ್ಮ ಅಡ್ಡ ಬರುತ್ತೆ." ಅವನು ಗಂಟು ಬಿಚ್ಚಿದ. "ಆ ಹಳೇ ಅಕ್ಷರ ನನಗೆ ಬರಲ್ಲ. ಇದ್ದಾಳಾ ಅವಳು? ಓದಿ. ಅವ್ವನಿಗೂ ಕೇಳೋ ಹಾಗೆ ಓದಿ."

ಹಂದಿತೊಗಲಿನ ರಟ್ಟು, ನಾಲ್ಕು ಮೂಲೆಗೂ ಹಿತ್ತಾಳೆಯ ಚೂಪು ಕಟ್ಟು. ಫರ್ನ್ ಹಾಳೆ ಸರಿಸಿದಳು. ಹೆಣ್ಣು ಹೆಸರುಗಳು. ಇವಳ ವೃಕ್ಷದಲ್ಲಿ ಎಲೆಯಾಗದ ಹೆಣ್ಣು ಹೆಸರುಗಳು, ಸಾಲು ಸಾಲಾಗಿ. ಆಮೇಲೆ ಅದು ಬಂತು.

"'ಮಥಾಯಸ್ ಲೆಷರ್, ಅವನ ಹೆಂಡತಿ ಅನ್ನಾ ಕ್ಯಾಥರಿನಾ, ಇವರ ಮಗಳಿಗೆ ಇಂದು ದೀಕ್ಷಾಸ್ನಾನವಾಯಿತು. ಹೆಸರು ಮರಿಯಾ ಬಾರ್ಬರಾ.'"

ಎಲ್ವುಡ್ ಪೆಟ್ಟಿಗೆಯ ಅಂಚಿಗೆ ಹಣೆ ಒತ್ತಿದ. "ಕೇಳಿಸ್ತಾ ಅವ್ವಾ?" ಎಂದ. ಬೆನ್ನು ಅಲುಗುತ್ತಿತ್ತು.

ಪುಸ್ತಕ ಮುಚ್ಚಲು ಹೋದ ಫರ್ನಳ ಹೆಬ್ಬೆರಳಿಗೆ ಏನೋ ಒರಟಾಗಿ ತಗುಲಿತು. ಕೆಳಗಿನ ಮೂಲೆ. ಹಿತ್ತಾಳೆಯ ಮೇಲೆ ಕಂದು ಬಣ್ಣದ ಹಕ್ಕಳೆ. ಬಿಸಿಲಿಗೆ ತಿರುಗಿಸಿದಳು. ಹಕ್ಕಳೆಯಲ್ಲಿ ಎರಡು ಬಿಳಿ ಕೂದಲು ಅಂಟಿದ್ದವು.

ಮೂರು ಮೂಲೆಯ ಗಾಯ.

ಪುಸ್ತಕ ಅವಳ ತೊಡೆಯಿಂದ ಜಾರಿ ನೆಲಕ್ಕೆ ಬಡಿಯಿತು.

ಎಲ್ವುಡ್ ಬಗ್ಗಿ ಎತ್ತಿಕೊಂಡ. ನೋಡಿದ. ಅವನ ಕಪ್ಪು ಮುಖ ಬೂದಿಯಾಯಿತು. "ಇದು... ಕತ್ತಲಲ್ಲಿ ತಂದು ಹಾಗೇ ಸುತ್ತಿಟ್ಟೆ. ಏಸುವಿನಾಣೆ ಅಮ್ಮಾ, ನಾನು ನೋಡಿರ್ಲಿಲ್ಲ."

ಅವ್ವನಿಗೆ ಗೋಡೆಯೊಳಗೆ ಜಾಗ ಕೊಡಿಸುವ ಪುಸ್ತಕ. ಅದನ್ನೇ ಹಿಡಿದು ನಿಂತರೆ ಮಗನ ಕೊರಳಿಗೆ ಉರುಲು. ಹಾರ್ಲನ್ ಶೆರಿಫ್‌ನ ಪಕ್ಕದಲ್ಲಿ ನಿಂತು ಅದಕ್ಕೇ ಕಾಯುತ್ತಿರುತ್ತಾನೆ.

"ಸುಟ್ಟುಬಿಡಿ," ಎಂದಳು ಫರ್ನ್. ಬದುಕೆಲ್ಲ ಹಳೆಯ ಹಾಳೆಗಳನ್ನು ಕಾಪಾಡಿದ ತನ್ನ ಬಾಯಿಂದಲೇ ಆ ಮಾತು ಬಂದದ್ದಕ್ಕೆ ಬೆಚ್ಚಿದಳು.

"ಇಲ್ಲ." ಎಲ್ವುಡ್ ಪುಸ್ತಕವನ್ನು ಎದೆಗೊತ್ತಿಕೊಂಡ. "ನಾಳೆ ನಾನೇ ಹೊತ್ಕೊಂಡು ಹೋಗ್ತೀನಿ. ಮೊದ್ಲು ಅವ್ವನ್ನ ಒಳಗೆ ಮಲಗಿಸ್ತೀನಿ. ಆಮೇಲೆ ನನ್ನ ಎಲ್ಲಿ ಬೇಕಾದ್ರೂ ಹೂಳ್ಲಿ."

"ಸ್ವಲ್ಪ ಇರಿ. ಬೀರು ತೆಗೆದಾಗ ಬೀಗ ಹಾಕಿತ್ತಾ?"

"ಗಟ್ಟಿಯಾಗಿ ಹಾಕಿತ್ತು. ಅದಕ್ಕೇ ತಾನೆ ಸೂಜಿ ಮುರಿದಿದ್ದು? ಇನ್ನೊಂದು ಸೂಜಿಯಿಂದ ತೆಗೆದು, ಆಮೇಲೆ ಅದರಲ್ಲೇ ತಿರುಗಿಸಿ ಮತ್ತೆ ಹಾಕ್ದೆ."

ಫರ್ನ್ ಎದ್ದು ನಿಂತಳು.

ಸೋಮವಾರ ರಾತ್ರಿ ಈ ಪುಸ್ತಕ ಒಬ್ಬನನ್ನು ಕೊಂದಿತು. ಬುಧವಾರ ಅದು ಬೀಗ ಹಾಕಿದ ಬಾಗಿಲ ಹಿಂದೆ ಇತ್ತು. ಹಾಗಾದರೆ ಕೊಂದವರು ಅದನ್ನು ವಾಪಸ್ಸು ಇಟ್ಟು, ಬೀಗ ಹಾಕಿ ಹೋಗಿದ್ದರು. ಆ ಬೀಗಕ್ಕೆ ಇರುವುದು ಒಂದೇ ಕೈ. ಮೇಬಲ್‌ಳ ನೀಲಿ ನಾಡಾದಲ್ಲಿ. ವಿಲ್ಲಿಸ್ ಪುಸ್ತಕ ಹೊರಗೆ ತೆಗೆಸಿದ್ದೂ ಅದರಿಂದಲೇ ಇರಬೇಕು.

'ಒಳಗೇನಿದೆ ಅಂತ ತೆಗೀಲಿ?' ಎಂದವಳು, ಬಾಗಿಲು ತೆರೆದ ಕೂಡಲೇ ಏನು ಕೇಳಿದಳು? ಐವತ್ತು ವರ್ಷದ ಹಿಂದೆ ಸುಟ್ಟುಹೋಯಿತೆಂದು ನಂಬಿದ ವಸ್ತುವನ್ನು ಯಾರಾದರೂ ಎಲ್ಲಿ ಹೋಯಿತು ಎಂದು ಕೇಳುತ್ತಾರೆಯೇ?

ಬಾಗಿಲು ತಟ್ಟಿದ ಸದ್ದಾಯಿತು. ಮೆಲ್ಲಗೆ, ಮನೆಯವರಂತೆ.

"ಎಲ್ವುಡ್? ಒಳಗಿದ್ದೀಯೇನಪ್ಪಾ?" ಹೊರಗಿನ ದನಿ ಬೆಚ್ಚಗಿತ್ತು. "ನಾನು ಮೇಬಲ್. ನಿಮ್ಮವ್ವನ ಊಟಕ್ಕೆ ಅಂತ ಒಂದು ಪೈ ತಂದಿದ್ದೀನಿ. ಫರ್ನ್ ಕಾರು ಇಲ್ಲೇ ನಿಂತಿದೆ... ಅವಳೂ ಇದ್ದಾಳಲ್ವಾ?"

ಬಾಗಿಲ ಸಂದಿನಿಂದ ಒಣದ್ರಾಕ್ಷಿಯ ಬಿಸಿ ವಾಸನೆ ಒಳಗೆ ನುಗ್ಗಿತು. ಬಾಗಿಲ ಹಿಡಿ ತಿರುಗತೊಡಗಿತು.